ಒಂದೆಲಗವನ್ನು ಮನೆಯಲ್ಲಿ ಹಬ್ಬಿಸಲು ಯಾವ ದಾರಿ ಒಳ್ಳೆಯದು?

ನಮ್ಮ ಊರಿನ ಕಡೆ ಒಂದೆಲಗವನ್ನು ಯಾರೂ ನೆಡುವುದಿಲ್ಲ. ಅಡಿಕೆ ತೋಟದ ಬಸಿಗಾಲುವೆ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ ತಾನಾಗಿ ಹಬ್ಬಿರುತ್ತದೆ. ಮಧ್ಯಾಹ್ನಕ್ಕೆ ತಂಬುಳಿ ಆಗಬೇಕು ಅಂದರೆ ಹೋಗಿ ಒಂದು ಮುಷ್ಟಿ ಕೊಯ್ದು ತಂದರಾಯಿತು. ಇದನ್ನೂ ಕಾಳಜಿಯಿಂದ ಬೆಳೆಸಬೇಕು ಅಂತ ನನಗೆ ಗೊತ್ತಾದದ್ದು ಬೆಂಗಳೂರಿನ ಟೆರೇಸಿಗೆ ಬಂದ ಮೇಲೆ.

ಮೊದಲ ಸಲ ಊರಿನಿಂದ ಒಂದು ದೊಡ್ಡ ಹಿಡಿ ಕಿತ್ತು, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ರಾತ್ರಿ ಬಸ್ಸಿನಲ್ಲಿ ತಂದೆ. ಬೆಳಿಗ್ಗೆ ಬಿಚ್ಚಿ ನೋಡಿದರೆ ಅರ್ಧ ಎಲೆ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಲೋಳೆ ಬಿಟ್ಟಿತ್ತು. ಉಳಿದದ್ದನ್ನು ನೆಟ್ಟೆ. ಹದಿನೈದು ದಿನದಲ್ಲಿ ಒಂದೂ ಉಳಿಯಲಿಲ್ಲ. ಅದಾದ ಮೇಲೆ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ಯಾವುದು ಯಾರಿಗೆ ಸರಿ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ಪೂರ್ತಿ ಓದಲು ಸಮಯ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಬದುಕಿರುವ ಗಿಡ ಕೈಗೆ ಸಿಗುವಷ್ಟು ಹತ್ತಿರ ಇದ್ದರೆ, ಬಳ್ಳಿ ಕತ್ತರಿಸದೆ ಪಕ್ಕದ ಕುಂಡಕ್ಕೆ ಊರಿ. ಗಿಡ ದೂರದಲ್ಲಿದ್ದರೆ ಬೇರು ಸಮೇತ ಬಳ್ಳಿ ತನ್ನಿ. ಎರಡೂ ಇಲ್ಲದಿದ್ದರೆ ಮಾರ್ಕೆಟ್ಟಿನ ಕಟ್ಟಿನಿಂದ ಗಿಣ್ಣು, ಅಂದರೆ ಬಳ್ಳಿಯ ಗಂಟು, ಇರುವ ತುಂಡು ಆರಿಸಿ ನೀರಿನಲ್ಲಿ ಬೇರು ಬಿಡಿಸಿ. ಬೀಜದ ಯೋಚನೆ ಬಿಟ್ಟುಬಿಡಿ.

ಮೊದಲು ಗಿಡ ಅದೇನಾ ನೋಡಿಕೊಳ್ಳಿ

ಬ್ರಾಹ್ಮಿ ಅನ್ನುವ ಹೆಸರಿನಲ್ಲಿ ಗೊಂದಲ ಬಹಳ. ಕರ್ನಾಟಕದಲ್ಲಿ ಬ್ರಾಹ್ಮಿ ಅಂದರೆ ಹೆಚ್ಚಿನ ಮನೆಗಳಲ್ಲಿ ಒಂದೆಲಗವೇ. ತುಳುವಿನಲ್ಲಿ ತಿಮರೆ, ತಮಿಳಿನಲ್ಲಿ ವಲ್ಲಾರೈ ಅನ್ನುವುದೂ ಇದನ್ನೇ. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷ್ಯಾಟಿಕಾ. ಕೊತ್ತಂಬರಿ, ಕ್ಯಾರೆಟ್ ಎಲ್ಲ ಇದರ ನೆಂಟರು. ಆದರೆ ಕೇರಳದವರು ಬ್ರಾಹ್ಮಿ ಅನ್ನುವುದು ಬೇರೆ ಗಿಡಕ್ಕೆ, ನಮ್ಮಲ್ಲಿ ನೀರುಬ್ರಾಹ್ಮಿ ಅಂತ ಕರೆಯುವುದಕ್ಕೆ. ಅದರ ಎಲೆ ಬೆರಳ ಉಗುರಿಗಿಂತ ಚಿಕ್ಕದು, ದಪ್ಪ, ದಂಟಿನ ಎರಡೂ ಬದಿಗೆ ಜೋಡಿಯಾಗಿ ಬರುತ್ತದೆ. ರುಚಿ ಕಡುಕಹಿ. ಅದರಲ್ಲಿ ತಂಬುಳಿ ಮಾಡಿದರೆ ಮಕ್ಕಳು ಬಾಯಿಗೆ ಇಡುವುದಿಲ್ಲ.

ಮೂರನೆಯದು ನನಗೇ ಸಿಕ್ಕಿದ್ದು. ಒಂದು ನರ್ಸರಿಯಲ್ಲಿ ಬ್ರಾಹ್ಮಿ ಅಂತ ಹೇಳಿ ಕೊಟ್ಟರು. ಎಲೆ ಗುಂಡಗೆ, ಹೊಳಪಾಗಿ, ನಾಣ್ಯದ ಹಾಗೆ ಚೆನ್ನಾಗಿತ್ತು. ಮನೆಗೆ ಬಂದು ತಿರುಗಿಸಿ ನೋಡಿದಾಗ ತೊಟ್ಟು ಎಲೆಯ ನಡುಮಧ್ಯಕ್ಕೆ ಅಂಟಿಕೊಂಡಿತ್ತು, ಕೊಡೆಗೆ ಕೋಲು ಇದ್ದ ಹಾಗೆ. ಅದು ಮೀನಿನ ತೊಟ್ಟಿಗೆ, ನೀರಿನ ಕುಂಡಕ್ಕೆ ಅಂದಕ್ಕೆ ಹಾಕುವ ಗಿಡ. ಒಂದೆಲಗದ ಎಲೆ ಹೀಗಿರುವುದಿಲ್ಲ. ಅದಕ್ಕೆ ಒಂದು ಕಡೆ ಸೀಳು ಇರುತ್ತದೆ. ತೊಟ್ಟು ಬಂದು ಸೇರುವುದು ಆ ಸೀಳಿನಲ್ಲಿ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು. ಇಷ್ಟು ನೋಡಿದರೆ ಸಾಕು, ಮೋಸ ಹೋಗುವುದಿಲ್ಲ. ತಿನ್ನುವ ಸೊಪ್ಪು ಆದ್ದರಿಂದ ಅನುಮಾನ ಇದ್ದರೆ ನೆಡಲೇಬೇಡಿ.

ಎಲ್ಲ ಇರುವುದು ಗಿಣ್ಣಿನಲ್ಲಿ

ಯಾವ ದಾರಿ ಹಿಡಿದರೂ ಕೆಲಸ ಮಾಡುವುದು ಗಿಣ್ಣು. ಒಂದೆಲಗದ ಬಳ್ಳಿಯನ್ನು ಅಂಗೈ ಮೇಲೆ ಇಟ್ಟು ನೋಡಿ. ನೂಲಿನಷ್ಟು ಸಪೂರ, ಕೆಲವು ಕಡೆ ಕೆಂಪು ಛಾಯೆ. ಎರಡು ಮೂರು ಇಂಚಿಗೊಂದು ಗಂಟು. ಆ ಗಂಟಿನಿಂದ ಮೇಲಕ್ಕೆ ಎಲೆ, ಕೆಳಕ್ಕೆ ಬೇರು, ಮುಂದಕ್ಕೆ ಮತ್ತೆ ಬಳ್ಳಿ. ಬೇರು ಇನ್ನೂ ಬಂದಿಲ್ಲ ಅಂದರೂ ಗಂಟಿನ ಕೆಳಗೆ ಬೆರಳಾಡಿಸಿದರೆ ಸಣ್ಣ ಬಿಳಿ ಮೊನೆಗಳು ತಗಲುತ್ತವೆ. ಒದ್ದೆ ಮಣ್ಣು ತಾಗಿದ ಕೂಡಲೇ ಅವು ಉದ್ದವಾಗುತ್ತವೆ.

ಗಿಣ್ಣು ಇಲ್ಲದ ತುಂಡು ಎಷ್ಟೇ ಹಸಿರಾಗಿರಲಿ, ಗಿಡ ಆಗುವುದಿಲ್ಲ. ಬರೀ ಎಲೆ ಮತ್ತು ತೊಟ್ಟನ್ನು ಮಣ್ಣಿಗೆ ಚುಚ್ಚಿದರೆ ಕೆಲವು ದಿನ ಹಸಿರಾಗಿ ನಿಂತಿರುತ್ತದೆ. ನಮಗೆ ಆಸೆ ಹುಟ್ಟಿಸುತ್ತದೆ. ಆದರೆ ಚಿಗುರಲು ಕಣ್ಣೇ ಇಲ್ಲವಲ್ಲ, ಕೊನೆಗೆ ಹಳದಿಯಾಗಿ ಬೀಳುತ್ತದೆ. "ನೆಟ್ಟೆ, ಬರಲಿಲ್ಲ" ಅನ್ನುವವರನ್ನು ಕೇಳಿದಾಗ ಅರ್ಧಕ್ಕರ್ಧ ಜನ ಮಾಡಿರುವುದು ಇದನ್ನೇ.

ಬಳ್ಳಿ ಕತ್ತರಿಸದೆ ಊರುವುದು

ಇದು ನನ್ನ ಮೆಚ್ಚಿನ ದಾರಿ. ಯಾಕೆ ಅಂದರೆ ಇಲ್ಲಿ ಮರಿಗೆ ಬೇರು ಬರುವ ತನಕ ತಾಯಿಯೇ ನೀರು, ಆಹಾರ ಕೊಡುತ್ತಿರುತ್ತದೆ. ಮರಿ ಒಂದು ದಿನವೂ ಬಾಯಾರುವುದಿಲ್ಲ. ಹತ್ತು ಊರಿದರೆ ಹತ್ತೂ ಬಂದ ಅನುಭವ ನನಗೆ ಈ ದಾರಿಯಲ್ಲಿ ಮಾತ್ರ ಆಗಿದೆ.

ತಾಯಿ ಕುಂಡದ ಪಕ್ಕಕ್ಕೆ ಒತ್ತಿಕೊಂಡ ಹಾಗೆ ಹೊಸ ಕುಂಡ ಇಡಿ. ಎರಡರ ಬಾಯಿಯೂ ಒಂದೇ ಎತ್ತರದಲ್ಲಿದ್ದರೆ ಸಲೀಸು. ಹೊರಗೆ ಜೋತು ಬಿದ್ದ ಬಳ್ಳಿಯೊಂದನ್ನು ಎತ್ತಿ ಹೊಸ ಕುಂಡದ ಒದ್ದೆ ಮಣ್ಣಿನ ಮೇಲೆ ಮಲಗಿಸಿ. ಗಿಣ್ಣು ಮಣ್ಣಿಗೆ ಒತ್ತಿ ಕೂರಬೇಕು. ಅಲ್ಲೇ ಇರುತ್ತೆ ಅಂತ ಸುಮ್ನೆ ಬಿಟ್ಟರೆ ಗಾಳಿಗೆ ಎದ್ದುಬಿಡುತ್ತದೆ. ನಾನು ತೆಂಗಿನ ಗರಿಯ ಕಡ್ಡಿ ಬಳಸುತ್ತೇನೆ. ಪೊರಕೆಯಿಂದ ಒಂದು ಕಡ್ಡಿ ಎಳೆದು, ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬೆರಳುದ್ದದ ತುಂಡು ಮಾಡಿ, ಹೇರ್‌ಪಿನ್ ಥರ ಬಗ್ಗಿಸಿ ಗಿಣ್ಣಿನ ಎರಡೂ ಪಕ್ಕಕ್ಕೆ ಚುಚ್ಚುವುದು. ನೆನೆಸದೆ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ನಿಜವಾದ ಹೇರ್‌ಪಿನ್ ಬೇಡ, ತುಕ್ಕು ಹಿಡಿಯುತ್ತದೆ.

ಗಿಣ್ಣಿನ ಮೇಲೆ ಮಣ್ಣು ಸುರಿದು ಮುಚ್ಚಬೇಡಿ. ಚಿಗುರು ಮೇಲೆ ಕಾಣುತ್ತಿರಬೇಕು. ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನಕ್ಕೆ ಎಲೆಯನ್ನು ಮೆಲ್ಲಗೆ ಎಳೆದು ನೋಡಿದರೆ ಬಿಗಿ ಹಿಡಿದಿರುವುದು ಗೊತ್ತಾಗುತ್ತದೆ. ಬೇರು ಬಂತು ಅಂತ ಅರ್ಥ. ಆಗ ತಾಯಿಯ ಕಡೆಯ ಬಳ್ಳಿಯನ್ನು ಕತ್ತರಿಸಿ, ಆದರೆ ಕುಂಡವನ್ನು ಅಲ್ಲೇ ಬಿಡಿ. ಮೂರು ನಾಲ್ಕು ದಿನ ಬಿಟ್ಟು ಎಲೆ ಬಾಡಿಲ್ಲ ಅಂದರೆ ಬೇಕಾದ ಕಡೆಗೆ ಒಯ್ಯಬಹುದು. ಕತ್ತರಿಸಿದ ದಿನವೇ ಬಿಸಿಲಿನ ಕಡೆಗೆ ಸಾಗಿಸಿದರೆ ಅಷ್ಟು ದಿನ ಕಾದದ್ದು ವ್ಯರ್ಥ.

ಇದರ ಕೊರತೆ ಒಂದೇ, ತಾಯಿಗಿಡ ಪಕ್ಕದಲ್ಲೇ ಇರಬೇಕು. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹತ್ತಿರ ಗಿಡ ಇದ್ದರೆ ಒಂದು ಸಣ್ಣ ಕುಂಡ ಮಣ್ಣು ತುಂಬಿಸಿ ಅವರಲ್ಲೇ ಇಟ್ಟು ಬನ್ನಿ. "ಆಂಟಿ, ಒಂದು ಬಳ್ಳಿ ಇದರಲ್ಲಿ ಊರಿರಿ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಹದಿನೈದು ದಿನ ಬಿಟ್ಟು ತಂದರಾಯಿತು.

ಬೇರು ಸಮೇತ ಕಿತ್ತು ತರುವುದು

ಊರಿಗೆ ಹೋಗಿ ಬರುವವರು ಮಾಡುವುದು ಇದನ್ನೇ. ತಪ್ಪೇನಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆದರೆ ತುಂಬಾ ಚೆನ್ನಾಗಿ ಬರುತ್ತದೆ. ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಗಿಡ ಸಿಗುವುದೂ ಈ ದಾರಿಯಲ್ಲೇ. ನೆಲದಲ್ಲಿ ಒಂದಿಷ್ಟು ಜಾಗ ತುಂಬಿಸಬೇಕು ಅನ್ನುವವರಿಗೆ ಬೇರೆ ದಾರಿ ಬೇಡವೇ ಬೇಡ. ಒಂದು ಗೇಣಿಗೊಂದರಂತೆ ನೆಟ್ಟರೆ ಒಂದು ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ.

ಆದರೆ ಇಲ್ಲಿ ಮೂರು ಕಡೆ ಎಡವುತ್ತೇವೆ.

ಒಂದು, ಕೀಳುವ ರೀತಿ. ಎಲೆ ಹಿಡಿದು ಎಳೆದರೆ ತೊಟ್ಟು ಕೈಗೆ ಬರುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ಕಡ್ಡಿಯಿಂದಲೋ ಹಳೆ ಚಮಚದಿಂದಲೋ ಗಿಣ್ಣಿನ ಕೆಳಗಿನ ಮಣ್ಣನ್ನು ಸೇರಿಸಿ ಎಬ್ಬಿಸಬೇಕು.

ಎರಡು, ಎಲೆಯ ಮೇಲಿನ ಆಸೆ. ಕಿತ್ತಾಗ ಎಳೆಬೇರು ಹರಿದುಹೋಗಿರುತ್ತದೆ. ಅಂಥ ಬೇರಿಗೆ ಆರೇಳು ದೊಡ್ಡ ಎಲೆಗೆ ನೀರು ಒದಗಿಸುವ ಶಕ್ತಿ ಇರುವುದಿಲ್ಲ. ನೆಡುವ ಮೊದಲು ದೊಡ್ಡ ಎಲೆಗಳನ್ನೆಲ್ಲ ಕತ್ತರಿಯಿಂದ ತೆಗೆದು, ಒಂದೋ ಎರಡೋ ಎಳೆ ಎಲೆ ಮಾತ್ರ ಬಿಡಿ. ನೋಡಲು ಬೋಳಾಗಿ ಕಾಣುತ್ತದೆ. ಆದರೆ ವಾರ ಕಳೆದಾಗ ಎಲೆ ತೆಗೆದದ್ದೇ ಮುಂದೆ ಹೋಗಿರುತ್ತದೆ. ತೆಗೆದ ಎಲೆ ವ್ಯರ್ಥ ಏನಲ್ಲ, ಅವತ್ತಿನ ಚಟ್ನಿಗೆ ಆಯಿತು.

ಮೂರು, ಎಲ್ಲಿಂದ ತಂದದ್ದು ಅನ್ನುವುದು. ಇದು ಬಹಳ ಮುಖ್ಯ. ಒಂದೆಲಗಕ್ಕೆ ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಹೀರಿ ಎಲೆಯಲ್ಲಿ ಇಟ್ಟುಕೊಳ್ಳುವ ಗುಣ ಇದೆ. ನಾವು ಇದನ್ನು ಹಸಿಯಾಗಿ ರುಬ್ಬಿ ತಿನ್ನುವವರು. ಚರಂಡಿ ಪಕ್ಕ, ಮೋರಿ ಅಂಚು, ದೊಡ್ಡ ರಸ್ತೆ ಬದಿಯಲ್ಲಿ ಎಷ್ಟೇ ಸೊಗಸಾಗಿ ಬೆಳೆದಿರಲಿ, ತಿನ್ನಲು ಕೊಯ್ಯಬೇಡಿ. ಅಡಿಕೆ ತೋಟದ್ದಾದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದಿದ್ದಾರಾ ಕೇಳಿಕೊಳ್ಳಿ. ಮೈಲುತುತ್ತ, ಸುಣ್ಣದ ಆ ದ್ರಾವಣ ಅಡಿಕೆ ಗೊನೆಯಿಂದ ತೊಟ್ಟಿಕ್ಕುವುದು ಕೆಳಗಿನ ಸೊಪ್ಪಿನ ಮೇಲೆಯೇ. ಎಲೆಯ ಮೇಲೆ ನೀಲಿ ಬಿಳಿ ಕಲೆ ಕಂಡರೆ ಆ ಎಲೆ ತಿನ್ನಬಾರದು. ಬಳ್ಳಿ ಬೇಕಿದ್ದರೆ ತೊಳೆದು, ಎಲ್ಲ ಎಲೆ ತೆಗೆದು, ಮಣ್ಣು ಕೊಡವಿ ನೆಡಿ. ಹೊಸ ಎಲೆ ಬಂದ ಮೇಲೆ ಕೊಯ್ಯಿರಿ.

ಮಾರ್ಕೆಟ್ಟಿನ ಕಟ್ಟು, ನೀರಿನ ಲೋಟ

ಊರೂ ಇಲ್ಲ, ಗಿಡ ಇರುವ ನೆರೆಯವರೂ ಇಲ್ಲ ಅನ್ನುವವರಿಗೆ ಇದೇ ಸರಿ. ಗಾಂಧಿ ಬಜಾರ್, ಮಲ್ಲೇಶ್ವರದ ಸೊಪ್ಪಿನವರ ಹತ್ತಿರ ಒಂದೆಲಗದ ಕಟ್ಟು ಸಿಗುತ್ತದೆ. ಆದರೆ ಕಟ್ಟು ನೋಡಿ ಆರಿಸಬೇಕು. ಕೆಲವದರಲ್ಲಿ ಬರೀ ಉದ್ದ ತೊಟ್ಟಿನ ದೊಡ್ಡ ಎಲೆಗಳು, ಅಡುಗೆಗೆ ಚೆಂದ, ನೆಡಲು ಉಪಯೋಗ ಇಲ್ಲ. ನಮಗೆ ಬೇಕಾದದ್ದು ಬುಡದಲ್ಲಿ ಮಣ್ಣು, ಬೇರಿನ ಎಳೆ, ಬಳ್ಳಿ ಸಿಕ್ಕಿಹಾಕಿಕೊಂಡಿರುವ ಕಟ್ಟು. ಅಡುಗೆಗೆ ಕೊಳ್ಳುವವರು ಬದಿಗೆ ಸರಿಸುವ ಕಟ್ಟು ಅದೇ. ಬಿಚ್ಚಿ ಹುಡುಕಿದರೆ ಗಿಣ್ಣಿರುವ ಐದಾರು ತುಂಡಾದರೂ ಸಿಗುತ್ತವೆ.

ದೊಡ್ಡ ಎಲೆ ತೆಗೆಯಿರಿ. ಗಾಜಿನ ಲೋಟಕ್ಕೆ ಒಂದು ಇಂಚು ನೀರು ಹಾಕಿ ಗಿಣ್ಣು ಮಾತ್ರ ಮುಳುಗುವ ಹಾಗೆ ಇಡಿ. ಎಲೆ ಮುಳುಗಿದರೆ ಕೊಳೆಯುತ್ತದೆ, ನೀರು ನಾರುತ್ತದೆ. ಅಡುಗೆಮನೆ ಕಿಟಕಿಯ ಬೆಳಕು ಸಾಕು, ನೇರ ಬಿಸಿಲು ಬೇಡ. ನೀರನ್ನು ದಿನ ಬಿಟ್ಟು ದಿನ ಬದಲಾಯಿಸಿ. ಒಂದು ವಾರ, ಹತ್ತು ದಿನದಲ್ಲಿ ದಾರದಂಥ ಬಿಳಿ ಬೇರು ಕಾಣುತ್ತದೆ.

ಬೇರು ಒಂದು ಇಂಚು ಆಗುತ್ತಿದ್ದ ಹಾಗೆ ಮಣ್ಣಿಗೆ ಹಾಕಿ. ಇನ್ನೂ ಬೆಳೆಯಲಿ ಅಂತ ಕಾದವರು ಸೋಲುತ್ತಾರೆ. ನಾನೂ ಒಮ್ಮೆ ಕಾದೆ. ಲೋಟದ ತುಂಬ ಬೇರು ಸುತ್ತಿಕೊಂಡಿತ್ತು, ನೋಡಲು ಬಲು ಚೆಂದ. ಮಣ್ಣಿಗೆ ಹಾಕಿದಾಗ ಅಷ್ಟೂ ಮುರಿದವು. ನೀರಿನಲ್ಲಿ ಹುಟ್ಟಿದ ಬೇರು ತೀರಾ ನಾಜೂಕು. ಗಿಡ ಮಣ್ಣಿನಲ್ಲಿ ಮತ್ತೆ ಹೊಸ ಬೇರು ಕಟ್ಟಬೇಕು. ಅದಕ್ಕೇ ನೆಟ್ಟ ಮೊದಲ ವಾರ ಮಣ್ಣು ಒಣಗಲೇಬಾರದು. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮುಚ್ಚಳ ತೆಗೆದು ಗಿಡದ ಮೇಲೆ ಟೋಪಿಯ ಹಾಗೆ ಇಟ್ಟರೆ ತೇವ ನಿಲ್ಲುತ್ತದೆ.

ಮೊದಲ ಎರಡು ದಾರಿಗಿಂತ ಇದು ನಿಧಾನ, ನಾಲ್ಕರಲ್ಲಿ ಒಂದೆರಡು ಹೋಗುವುದೂ ಉಂಟು. ಆದರೂ ಮಾರ್ಚ್‌ನಿಂದ ಮೇ ತನಕ, ಬಿಸಿಲು ಸುಡುವಾಗ ನೆಡಲೇಬೇಕಾದರೆ ನಾನು ಊರಿನಿಂದ ತಂದ ಬಳ್ಳಿಯನ್ನೂ ಮೊದಲು ಎರಡು ದಿನ ಲೋಟದಲ್ಲಿಟ್ಟು ಸುಧಾರಿಸಿಕೊಳ್ಳಲು ಬಿಡುತ್ತೇನೆ.

ಹೊರದೇಶದಲ್ಲಿರುವ ನಮ್ಮವರಿಗೂ ಇದೇ ದಾರಿ. ಊರಿನಿಂದ ಬೇರು, ಮಣ್ಣು ಸಮೇತ ಗಿಡವನ್ನು ಬ್ಯಾಗಿನಲ್ಲಿ ಒಯ್ಯುವ ಆಸೆ ಬೇಡ, ಹೆಚ್ಚಿನ ದೇಶಗಳ ಏರ್‌ಪೋರ್ಟಿನಲ್ಲಿ ಅದನ್ನು ಬಿಡುವುದಿಲ್ಲ. ಹತ್ತಿರದಲ್ಲಿ ಶ್ರೀಲಂಕಾದವರ ಅಂಗಡಿ ಇದ್ದರೆ ಗೊಟುಕೊಳ ಅಂತ ಕೇಳಿ ನೋಡಿ. ಸಿಂಹಳದಲ್ಲಿ ಒಂದೆಲಗಕ್ಕೆ ಅದೇ ಹೆಸರು, ಅವರೂ ನಮ್ಮಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಹಿಮ ಬೀಳುವ ಕಡೆ ಚಳಿಗಾಲಕ್ಕೆ ಕುಂಡವನ್ನು ಒಳಗೆ ತರಬೇಕು.

ನರ್ಸರಿ ಗಿಡ ಮತ್ತು ಬೀಜ

ನರ್ಸರಿಯಲ್ಲಿ ಸರಿಯಾದ ಗಿಡವೇ ಸಿಕ್ಕರೆ ಅದಕ್ಕಿಂತ ಸುಲಭ ಇಲ್ಲ. ಒಂದೇ ಒಂದು ತನ್ನಿ, ಸಾಕು. ಎರಡು ತಿಂಗಳಲ್ಲಿ ಅದರಿಂದ ಬಳ್ಳಿ ಊರಿಕೊಳ್ಳಬಹುದು. ತಂದ ಕೂಡಲೇ ಇರುವ ಎಲೆಯನ್ನು ತಿನ್ನಬೇಡಿ. ಅವರು ಏನು ಸಿಂಪಡಿಸಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಹೊಸ ಎಲೆ ಬರಲಿ.

ಬೀಜ ತೀರಾ ಸಣ್ಣದು. ಎಲೆಯ ಅಡಿಯಲ್ಲಿ, ನೆಲಕ್ಕೆ ತಾಗಿದ ಹಾಗೆ ಇರುವ ಪುಟ್ಟ ಹೂವಿನಿಂದ ಆಗುತ್ತದೆ. ಹೂವನ್ನೇ ಹೆಚ್ಚಿನವರು ನೋಡಿರುವುದಿಲ್ಲ. ಮೊಳೆಯುವುದು ನಿಧಾನ, ಮೊಳೆತದ್ದು ತಿನ್ನುವಷ್ಟಾಗಲು ತಿಂಗಳುಗಟ್ಟಲೆ ಬೇಕು. ಇಷ್ಟು ಸುಲಭವಾಗಿ ಬಳ್ಳಿಯಿಂದ ಬರುವ ಗಿಡಕ್ಕೆ ಆ ಕಷ್ಟ ಯಾಕೆ?

ಕುಂಡವೋ, ನೆಲವೋ

ನೆಲ ಇದ್ದವರು ನೆಲಕ್ಕೇ ಹಾಕಿ. ಮಲೆನಾಡು, ಕರಾವಳಿಯಲ್ಲಿ ಬಾಳೆ ಬುಡ, ನಲ್ಲಿ ಪಕ್ಕ, ಎಲ್ಲಿ ಹಾಕಿದರೂ ಬರುತ್ತದೆ. ಸೂರಿನ ನೀರು ಧಾರೆಯಾಗಿ ಬೀಳುವ ಜಾಗ ಮಾತ್ರ ಬೇಡ, ಎಳೆ ಗಿಡ ಕೊಚ್ಚಿಹೋಗುತ್ತದೆ. ಬಯಲುಸೀಮೆಯಲ್ಲಿ, ಕಲಬುರಗಿ, ರಾಯಚೂರಿನ ಬಿಸಿಲಿಗೆ ಕುಂಡವೇ ವಾಸಿ. ಬಿಸಿಲು ಏರಿದಾಗ ನೆರಳಿಗೆ ಎತ್ತಿಡಬಹುದು.

ಕುಂಡ ಆಳ ಬೇಡ, ಅಗಲ ಬೇಕು. ಆರೇಳು ಇಂಚು ಆಳದ ಹಳೆ ಟಬ್ಬು, ಬೇಸಿನ್ನು ಧಾರಾಳ ಆಯಿತು. ತಳಕ್ಕೆ ತೂತು ಇರಲಿ. ಒಂದೆಲಗಕ್ಕೆ ನೀರು ಇಷ್ಟ, ಆದರೆ ಕುಂಡದಲ್ಲಿ ಕೊಳೆತು ನಿಂತ ನೀರು ಇಷ್ಟವಿಲ್ಲ. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಮರಳು. ಟೆರೇಸಿನಲ್ಲಿ ಬೇಗ ಒಣಗುವುದಾದರೆ ಸ್ವಲ್ಪ ಕೋಕೋಪೀಟ್ ಸೇರಿಸಿ. ಬೆಳಗಿನ ಎಳೆ ಬಿಸಿಲು ಎರಡು ಮೂರು ಗಂಟೆ, ಆಮೇಲೆ ನೆರಳು. ಕರಿಬೇವಿನ ಕುಂಡದ ಬುಡದಲ್ಲಿ ನನ್ನದು ಚೆನ್ನಾಗಿ ಬಂದಿದೆ. ಎಲೆ ಸಣ್ಣದಾಗಿ, ದಪ್ಪಗೆ, ಕೆಂಪು ತಿರುಗಿದರೆ ಬಿಸಿಲು ಜಾಸ್ತಿ ಅಂತ. ತೊಟ್ಟು ಮಾತ್ರ ಉದ್ದುದ್ದ ಎದ್ದರೆ ಬೆಳಕು ಕಡಿಮೆ ಅಂತ.

ಮಳೆಗಾಲದಲ್ಲಿ ಬೆಳಿಗ್ಗೆ ಎಲೆಯಲ್ಲಿ ತೂತು, ಮಣ್ಣಿನ ಮೇಲೆ ಹೊಳೆಯುವ ಗೆರೆ ಕಂಡರೆ ಬಸವನಹುಳುವಿನ ಕೆಲಸ. ರಾತ್ರಿ ಟಾರ್ಚ್ ಹಿಡಿದು ಹೋಗಿ, ಕೈಗೆ ಕವರ್ ಹಾಕಿಕೊಂಡು ಆರಿಸಿ ತೆಗೆಯಿರಿ. ವಿಷದ ಗುಳಿಗೆ ತಿನ್ನುವ ಸೊಪ್ಪಿನ ಹತ್ತಿರ ಬೇಡ. ಹುಳು ಓಡಾಡಿದ ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆಯದೆ ಹಸಿಯಾಗಿ ರುಬ್ಬಬಾರದು.

ನೆಟ್ಟು ಎರಡು ತಿಂಗಳಾದ ಮೇಲೆ ಹೊರಗಿನ ಬಲಿತ ಎಲೆಗಳನ್ನು ಕತ್ತರಿಯಿಂದ ಕೊಯ್ಯಿರಿ, ನಡುವಿನ ಚಿಗುರು ಬಿಡಿ. ವರ್ಷ ಒಂದೂವರೆ ವರ್ಷಕ್ಕೆ ಕುಂಡದ ತುಂಬ ಬೇರು ಹೆಣೆದುಕೊಂಡು ಎಲೆ ಚಿಕ್ಕದಾಗುತ್ತದೆ. ಆಗ ಮಗುಚಿ, ಗುಪ್ಪೆಯನ್ನು ಕೈಯಿಂದ ನಾಲ್ಕು ಭಾಗ ಮಾಡಿ ಹೊಸ ಮಣ್ಣಿಗೆ ಹಾಕಬೇಕು. ಹಂಚಲು ಅದೇ ಸರಿಯಾದ ಸಮಯ.

ದೂರ ಕಳಿಸುವುದಾದರೆ ಪ್ಲಾಸ್ಟಿಕ್ ಕವರ್ ಬಿಟ್ಟು ಅಡಿಕೆ ಹಾಳೆ ಹುಡುಕಿ. ಹಾಳೆಯನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಬಳ್ಳಿಗಳ ಬೇರಿಗೆ ಅದೇ ಮಣ್ಣು ಒಂದು ಮುಷ್ಟಿ ಮೆತ್ತಿ, ಒದ್ದೆ ಹತ್ತಿ ಬಟ್ಟೆ ಸುತ್ತಿ, ಹಾಳೆಯಲ್ಲಿ ಮಲಗಿಸಿ, ಬಾಳೆಪಟ್ಟೆ ದಾರದಿಂದ ಸಡಿಲವಾಗಿ ಕಟ್ಟಿ. ಎರಡೂ ತುದಿ ತೆರೆದಿರಲಿ, ಗಾಳಿ ಆಡಬೇಕು. ಬ್ಯಾಗಿನ ತಳಕ್ಕೆ ಹಾಕದೆ ಮೇಲೆ ಇಡಿ. ಹೋದ ವರ್ಷ ಅಮ್ಮ ಹೀಗೆ ಕಟ್ಟಿ ಕೊಟ್ಟ ಹಾಳೆಯನ್ನು ಬೆಳಿಗ್ಗೆ ಆರಕ್ಕೆ ಬಿಚ್ಚಿದಾಗ ಎಲೆಯ ಮೇಲೆ ಊರಿನ ಕೆಸರು ಇನ್ನೂ ಹಸಿಯಾಗಿತ್ತು. ಸ್ನಾನಕ್ಕೂ ಮೊದಲು ಹೋಗಿ ನೆಟ್ಟೆ. ಅಷ್ಟೂ ಬಂದಿವೆ.